ಹೆದ್ದಾರಿಯಷ್ಟೇ ಅಗಲದ ಕ್ಷೇತ್ರ: ಉತ್ತರ ಕೆರೊಲಿನಾದ 12ನೇ ಕಾಂಗ್ರೆಸ್ ಕ್ಷೇತ್ರದ ಪ್ರಕರಣ

ಬೆಂಗಳೂರಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಹೋದರೆ ಸುಮಾರು 260 ಕಿಲೋಮೀಟರ್. ಆ ರಸ್ತೆಯುದ್ದಕ್ಕೂ ರಸ್ತೆಯಷ್ಟೇ ಅಗಲದ ಒಂದು ಪಟ್ಟಿ ಕತ್ತರಿಸಿಕೊಳ್ಳಿ. ತುಮಕೂರು ಬಂತು, ಅಲ್ಲಿ ನಾಲ್ಕು ಬಡಾವಣೆ ಒಳಗೆ ಹಾಕಿಕೊಳ್ಳಿ. ಚಿತ್ರದುರ್ಗ ಬಂತು, ಅಲ್ಲೊಂದಷ್ಟು ಓಣಿ. ನಡುವಿನ ಹಳ್ಳಿ, ಹೊಲ, ತೋಟಗಳನ್ನೆಲ್ಲ ಅಕ್ಕಪಕ್ಕದ ಕ್ಷೇತ್ರಗಳಿಗೆ ಬಿಟ್ಟುಬಿಡಿ. ಈಗ ಇದಕ್ಕೊಬ್ಬ ಸಂಸದ. 1992ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶಾಸನಸಭೆ ರಚಿಸಿದ 12ನೇ ಕಾಂಗ್ರೆಸ್ ಕ್ಷೇತ್ರ ಹೆಚ್ಚುಕಡಿಮೆ ಹೀಗೇ ಇತ್ತು. (ಅಮೆರಿಕದಲ್ಲಿ ಕಾಂಗ್ರೆಸ್ ಎಂದರೆ ಅಲ್ಲಿನ ಸಂಸತ್ತು.) ಉದ್ದ ಸುಮಾರು 160 ಮೈಲಿ, ಅಂದರೆ 257 ಕಿಲೋಮೀಟರ್. ಅಗಲ, ಬಹುಪಾಲು ದಾರಿಯಲ್ಲಿ, ಇಂಟರ್‌ಸ್ಟೇಟ್ 85 ಎಂಬ ಹೆದ್ದಾರಿಯಷ್ಟು.

ಎರಡೂ ಕಡೆಯ ಬಾಗಿಲು ತೆರೆದಿಟ್ಟುಕೊಂಡು ಈ ಹೆದ್ದಾರಿಯಲ್ಲಿ ಕಾರು ಓಡಿಸಿದರೆ ಕ್ಷೇತ್ರದ ಬಹುಪಾಲು ಜನ ಸತ್ತೇ ಹೋಗುತ್ತಾರೆ ಎಂದು ಆ ರಾಜ್ಯದ ಶಾಸಕರೊಬ್ಬರೇ ನಗೆಯಾಡಿದ್ದರು. ಪತ್ರಿಕೆಯಲ್ಲಿ ಬಂದ ಆ ಮಾತು ಸುಪ್ರೀಂ ಕೋರ್ಟಿನ ತೀರ್ಪಿನೊಳಗೂ ಹೋಗಿ ಕುಳಿತಿತು. ಅದೇ ತೀರ್ಪಿನಲ್ಲಿ ಇನ್ನೂ ಒಂದು ಸಂಗತಿಯಿದೆ. ಕೆಲವು ಕಡೆ ಉತ್ತರಕ್ಕೆ ಹೋಗುವ ವಾಹನಗಳು ಒಂದು ಕ್ಷೇತ್ರದಲ್ಲಿ, ದಕ್ಷಿಣಕ್ಕೆ ಬರುವ ವಾಹನಗಳು ಇನ್ನೊಂದರಲ್ಲಿ ಇರುತ್ತಿದ್ದವು. ಮುಂದಿನ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಗಡಿ ದಾಟಿದೊಡನೆ ಇವರ ಕ್ಷೇತ್ರ ಅವರಿಗೆ, ಅವರದ್ದು ಇವರಿಗೆ. ಒಂದು ಜಾಗದಲ್ಲಂತೂ ಕ್ಷೇತ್ರ ತುಂಡಾಗದೆ ಉಳಿದದ್ದು ಒಂದೇ ಒಂದು ಬಿಂದುವಿನ ಆಧಾರದಲ್ಲಿ. ಶಾಲೆಯ ರೇಖಾಗಣಿತದಲ್ಲಿ ಕಲಿತೆವಲ್ಲ, ಉದ್ದವೂ ಇಲ್ಲದ ಅಗಲವೂ ಇಲ್ಲದ ಬಿಂದು, ಅದೇ.

ಈ ಒಂದು ಕ್ಷೇತ್ರ 1993ರಿಂದ 2017ರೊಳಗೆ ಐದು ಸಲ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ನಿಂತಿತು. ಕಪ್ಪು ಜನರಿಗೊಬ್ಬ ಸಂಸದನನ್ನು ಕೊಡಿಸಲು ಹೊರಟು ನಕ್ಷೆಯನ್ನೇ ವಿಕಾರ ಮಾಡಿದರು ಎಂದು ಅದರ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಕಪ್ಪು ಜನರಿಗೆ ಕ್ಷೇತ್ರ ಬೇಕಿತ್ತು ನಿಜ. ಡೊಂಕು ಮಾತ್ರ ಬೇರೆಯವರಿಗೆ ಬೇಕಿತ್ತು.

ಆ ಸಾಲಿನಲ್ಲಿ ಯಾರಿದ್ದರು

ಉತ್ತರ ಕೆರೊಲಿನಾದ ನಡುಭಾಗಕ್ಕೆ ಪೀಡ್‌ಮಾಂಟ್ ಎನ್ನುತ್ತಾರೆ. ಪಶ್ಚಿಮದ ಬೆಟ್ಟಗಳಿಗೂ ಪೂರ್ವದ ಕರಾವಳಿ ಬಯಲಿಗೂ ನಡುವಿನ ಏರಿಳಿತದ ನೆಲ ಇದು. ಷಾರ್ಲಟ್‌ನಿಂದ ಗ್ರೀನ್ಸ್‌ಬರೋ ಮೂಲಕ ಪೂರ್ವಕ್ಕೆ ಹೋಗುವ ರೈಲು ಹಳಿ 1856ರಲ್ಲೇ ಪೂರ್ತಿಯಾಗಿತ್ತು. ಹಳಿಯ ಪಕ್ಕದಲ್ಲಿ ಊರುಗಳು, ಊರುಗಳ ಪಕ್ಕದಲ್ಲಿ ಕಾರ್ಖಾನೆಗಳು ಎದ್ದವು. ಗ್ಯಾಸ್ಟೋನಿಯಾ ಕಡೆ ನೂಲಿನ ಗಿರಣಿ, ಹೈಪಾಯಿಂಟ್‌ನಲ್ಲಿ ಮರದ ಪೀಠೋಪಕರಣ, ವಿನ್‌ಸ್ಟನ್-ಸೇಲಂ ಮತ್ತು ಡರ್ಹಂನಲ್ಲಿ ಸಿಗರೇಟು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಬಂದ ಹೆದ್ದಾರಿಯೂ ಹೆಚ್ಚುಕಡಿಮೆ ಅದೇ ಜಾಡು ಹಿಡಿಯಿತು.

ನೂಲಿನ ಗಿರಣಿಗಳಲ್ಲಿ 1960ರ ದಶಕದ ನಡುವಿನವರೆಗೂ ಕಪ್ಪು ಕಾರ್ಮಿಕರಿಗೆ ಮಗ್ಗದ ಬಳಿ ಜಾಗವಿರಲಿಲ್ಲ. ಹೆಚ್ಚೆಂದರೆ ಕಸ ಗುಡಿಸುವುದು, ಮೂಟೆ ಹೊರುವುದು. ತಂಬಾಕಿನ ಕಾರ್ಖಾನೆಯಲ್ಲಿ ಎಲೆಯಿಂದ ದಂಟು ಬಿಡಿಸುವ ಕೆಲಸ ಸಿಗುತ್ತಿತ್ತು. ರೈಲ್ವೆಯಲ್ಲಿ, ಬಿಳಿಯರ ಮನೆಗಳಲ್ಲಿ ಕೆಲಸವಿತ್ತು. ಹೀಗೆ ಒಂದೊಂದು ಊರಿನಲ್ಲೂ ಹಳಿಯ ಆಚೆ ಬದಿಗೆ ಕಪ್ಪು ಜನರ ಕೇರಿಯೊಂದು ಬೆಳೆಯಿತು. ಕೇರಿ ಎಂದರೆ ಬರೀ ಬಡತನ ಎಂದುಕೊಳ್ಳಬೇಡಿ. ಡರ್ಹಂನಲ್ಲಿ 1898ರಲ್ಲಿ ಹುಟ್ಟಿದ ನಾರ್ತ್ ಕೆರೊಲಿನಾ ಮ್ಯೂಚುಯಲ್ ದೇಶದಲ್ಲೇ ದೊಡ್ಡದಾದ, ಕಪ್ಪು ಜನರದ್ದೇ ಒಡೆತನದ ವಿಮಾ ಕಂಪನಿಯಾಗಿ ಬೆಳೆಯಿತು. ಕಪ್ಪು ಜನರಿಗಾಗಿ ಕಟ್ಟಿದ ಕಾಲೇಜುಗಳು ಇದೇ ಸಾಲಿನಲ್ಲಿ ಮಣಿ ಪೋಣಿಸಿದಂತೆ ಇವೆ: ಷಾರ್ಲಟ್‌ನಲ್ಲಿ ಜಾನ್ಸನ್ ಸಿ. ಸ್ಮಿತ್, ಸಾಲ್ಸ್‌ಬರಿಯಲ್ಲಿ ಲಿವಿಂಗ್‌ಸ್ಟನ್, ವಿನ್‌ಸ್ಟನ್-ಸೇಲಂ ಸ್ಟೇಟ್, ಗ್ರೀನ್ಸ್‌ಬರೋದಲ್ಲಿ ಬೆನೆಟ್ ಹಾಗೂ ಎ ಅಂಡ್ ಟಿ, ಡರ್ಹಂನಲ್ಲಿ ನಾರ್ತ್ ಕೆರೊಲಿನಾ ಸೆಂಟ್ರಲ್. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದ ವೂಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ಕುಳಿತು ಏಳಲು ಒಪ್ಪದ ನಾಲ್ವರು ಹುಡುಗರು ಎ ಅಂಡ್ ಟಿ ವಿದ್ಯಾರ್ಥಿಗಳು.

ಆದ್ದರಿಂದ ಹೆದ್ದಾರಿಯುದ್ದಕ್ಕೆ ಎಳೆದ ಗೆರೆ ಪೂರ್ತಿ ಕಲ್ಪನೆಯೇನಲ್ಲ. ಷಾರ್ಲಟ್‌ನ ಕಪ್ಪು ಕೇರಿಗೂ ಡರ್ಹಂನ ಕಪ್ಪು ಕೇರಿಗೂ ಸಂಬಂಧ ನಿಜಕ್ಕೂ ಇತ್ತು. ಒಂದೇ ಬಗೆಯ ದುಡಿಮೆ, ಒಂದೇ ಚರ್ಚುಗಳ ಜಾಲ, ಒಂದೇ ಕಾಲೇಜುಗಳಲ್ಲಿ ಓದಿದ ಮಕ್ಕಳು. ಷಾರ್ಲಟ್‌ನ ವಕೀಲನಿಗೆ ಪಕ್ಕದ ಹಳ್ಳಿಯ ಬಿಳಿಯ ರೈತನಿಗಿಂತ ಗ್ರೀನ್ಸ್‌ಬರೋದ ಪಾದ್ರಿಯೇ ಹತ್ತಿರದವನಾಗಿದ್ದರೆ ಅಚ್ಚರಿಯಿಲ್ಲ. ಈ ವಾದವನ್ನು ಕ್ಷೇತ್ರದ ಪರವಾಗಿ ಮಾಡಿದವರೂ ಇದ್ದರು. ನನಗೆ ಅದು ಅರ್ಧ ಒಪ್ಪಿಗೆ.

12 ಎಂಬ ಸಂಖ್ಯೆಗೆ ಇದಕ್ಕಿಂತ ಹಳೆಯ ಬದುಕೂ ಇತ್ತು. 1943ರಿಂದ 1963ರವರೆಗೆ ಅದು ಪಶ್ಚಿಮದ ಬೆಟ್ಟಸೀಮೆಯ ಕ್ಷೇತ್ರ. ಜನಗಣತಿಯ ಲೆಕ್ಕದಲ್ಲಿ ರಾಜ್ಯ ಒಂದು ಸ್ಥಾನ ಕಳೆದುಕೊಂಡಾಗ ಅದು ಅಳಿಸಿಹೋಯಿತು. 1990ರ ಜನಗಣತಿಯ ನಂತರ ಸ್ಥಾನ ಮರಳಿ ಬಂತು, ನೆಲ ಮಾತ್ರ ಬೇರೆ.

ತೊಂಬತ್ತು ವರ್ಷದ ಖಾಲಿ

1901ರ ಜನವರಿ 29ರಂದು ಜಾರ್ಜ್ ಹೆನ್ರಿ ವೈಟ್ ಎಂಬ ಸಂಸದ ವಾಷಿಂಗ್ಟನ್ನಿನಲ್ಲಿ ವಿದಾಯದ ಮಾತಾಡಿದರು. ಆಗ ಇಡೀ ಕಾಂಗ್ರೆಸ್ಸಿನಲ್ಲಿದ್ದ ಏಕೈಕ ಕಪ್ಪು ಸದಸ್ಯ ಅವರು, ಉತ್ತರ ಕೆರೊಲಿನಾದ ಪೂರ್ವ ಭಾಗದವರು. 1898ರಲ್ಲಿ ವಿಲ್ಮಿಂಗ್ಟನ್ ನಗರದಲ್ಲಿ ಬಿಳಿಯರ ಗುಂಪು ಆಯುಧ ಹಿಡಿದು ಚುನಾಯಿತ ಆಡಳಿತವನ್ನೇ ಉರುಳಿಸಿತ್ತು. 1900ರಲ್ಲಿ ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ತಂದು ಅಕ್ಷರ ಪರೀಕ್ಷೆಯ ನೆಪದಲ್ಲಿ ಕಪ್ಪು ಜನರ ಮತ ಕಿತ್ತುಕೊಂಡಿದ್ದರು. ಇದು ಬಹುಶಃ ಕಾಂಗ್ರೆಸ್ಸಿನಿಂದ ನೀಗ್ರೋನ ತಾತ್ಕಾಲಿಕ ನಿರ್ಗಮನ, ಫೀನಿಕ್ಸ್ ಹಕ್ಕಿಯಂತೆ ಎದ್ದು ಅವನು ಮತ್ತೊಂದು ದಿನ ಬಂದೇ ಬರುತ್ತಾನೆ ಎಂದರು ವೈಟ್. ಆ ರಾಜ್ಯದಿಂದ ಆ ಮತ್ತೊಂದು ದಿನ ಬರಲು 1992 ಆಗಬೇಕಾಯಿತು.

ವರ್ಣದ ಕಾರಣಕ್ಕೆ ಮತದ ಹಕ್ಕು ಕಸಿಯುವುದನ್ನು ತಡೆಯುವ ಮತದಾನ ಹಕ್ಕು ಕಾಯ್ದೆ 1965ರಲ್ಲೇ ಬಂದಿತ್ತಲ್ಲ, ಮತ್ತೇಕೆ ತಡ? ಮತ ಹಾಕಬಹುದಿತ್ತು, ಗೆಲ್ಲಲಾಗುತ್ತಿರಲಿಲ್ಲ. ರಾಜ್ಯದಲ್ಲಿ ಕಪ್ಪು ಜನರ ಪಾಲು ಸುಮಾರು 22%. ಅವರನ್ನು ಎಲ್ಲ ಕ್ಷೇತ್ರಗಳಿಗೂ ಚಿಟಿಕೆ ಚಿಟಿಕೆಯಾಗಿ ಹಂಚಿದರೆ ಎಲ್ಲೂ ಅವರ ಮಾತು ನಡೆಯದು. 1982ರಲ್ಲಿ ಡರ್ಹಂನ ಮಿಕಿ ಮಿಶೋ ಡೆಮಾಕ್ರಾಟ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯ ಮೊದಲ ಸುತ್ತಿನಲ್ಲಿ 44% ಮತ ಪಡೆದು ಮುಂದಿದ್ದರು. ಆದರೆ ಅರ್ಧ ದಾಟದಿದ್ದರೆ ಎರಡನೇ ಸುತ್ತು ಎಂಬುದು ಆಗಿನ ನಿಯಮ. ಎರಡನೇ ಸುತ್ತಿನಲ್ಲಿ ಬಿಳಿಯ ಮತಗಳೆಲ್ಲ ಒಬ್ಬನ ಕಡೆ ಸೇರಿ ಅವರು ಸೋತರು. 1990ರಲ್ಲಿ ಷಾರ್ಲಟ್‌ನ ಮಾಜಿ ಮೇಯರ್ ಹಾರ್ವೆ ಗ್ಯಾಂಟ್ ಸೆನೆಟ್ ಸ್ಥಾನಕ್ಕೆ ಆಗಿನ ರಿಪಬ್ಲಿಕನ್ ಸೆನೆಟರ್ ಜೆಸಿ ಹೆಲ್ಮ್ಸ್ ವಿರುದ್ಧ ನಿಂತು ಸೋತರು. ಕೆಲಸ ಅಲ್ಪಸಂಖ್ಯಾತರ ಪಾಲಾಯಿತು ಎಂದು ಹೇಳುತ್ತ, ತಿರಸ್ಕಾರ ಪತ್ರವನ್ನು ಮುದುಡುತ್ತಿರುವ ಬಿಳಿಯ ಕೈಗಳನ್ನು ತೋರಿಸಿದ ಹೆಲ್ಮ್ಸ್ ಕಡೆಯ ಜಾಹೀರಾತು ಆ ಚುನಾವಣೆಯದ್ದೇ. ಗ್ಯಾಂಟ್ ಅವರ ಪ್ರಚಾರ ನಡೆಸಿದ ವಕೀಲರ ಹೆಸರು ಮೆಲ್ ವಾಟ್. ಈ ಹೆಸರು ಮುಂದೆ ಮತ್ತೆ ಮತ್ತೆ ಬರುತ್ತದೆ.

ನಮ್ಮ ಓದುಗರಿಗೆ ಒಂದು ವ್ಯತ್ಯಾಸ ಹೇಳಿಬಿಡಬೇಕು. ನಮ್ಮಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಕ್ಷೇತ್ರವನ್ನೇ ಮೀಸಲಿಡುತ್ತಾರೆ. ಮತದಾರರು ಎಲ್ಲರೂ, ಅಭ್ಯರ್ಥಿ ಮಾತ್ರ ಆ ಸಮುದಾಯದವನು. ಅಮೆರಿಕದಲ್ಲಿ ಅಭ್ಯರ್ಥಿ ಯಾರು ಬೇಕಾದರೂ ಆಗಬಹುದು. ಹಾಗಾಗಿ ಸಮುದಾಯಕ್ಕೆ ದನಿ ಸಿಗಬೇಕೆಂದರೆ ಅವರೇ ಹೆಚ್ಚಿರುವಂತೆ ಮತದಾರರನ್ನು ಜೋಡಿಸಬೇಕು. ಇಡೀ ಭಾರ ಗೆರೆಯ ಮೇಲೆ ಬೀಳುತ್ತದೆ. ಆ ಗೆರೆ ಎಳೆಯುವವರೋ, ಬಹುತೇಕ ರಾಜ್ಯಗಳಲ್ಲಿ, ಶಾಸಕರೇ.

ಡೊಂಕು ಎಲ್ಲಿಂದ ಬಂತು

1991ರಲ್ಲಿ ರಾಜ್ಯದ ಶಾಸನಸಭೆ ಡೆಮಾಕ್ರಾಟರ ಕೈಯಲ್ಲಿತ್ತು. ರಾಜ್ಯಪಾಲರು (ಅಲ್ಲಿ ಅವರನ್ನು ಜನರೇ ಆರಿಸುತ್ತಾರೆ) ರಿಪಬ್ಲಿಕನ್, ಆದರೆ ಆಗ ಆ ರಾಜ್ಯದಲ್ಲಿ ರಾಜ್ಯಪಾಲರಿಗೆ ವೀಟೋ ಅಧಿಕಾರವೇ ಇರಲಿಲ್ಲ. ಶಾಸನಸಭೆ 12 ಕ್ಷೇತ್ರಗಳ ನಕ್ಷೆ ಮಾಡಿ ಪೂರ್ವ ಭಾಗದ 1ನೇ ಕ್ಷೇತ್ರವೊಂದನ್ನು ಕಪ್ಪು ಬಹುಮತದ್ದಾಗಿ ಮಾಡಿತು. ರಾಜ್ಯದ 100 ಕೌಂಟಿಗಳಲ್ಲಿ 40 ಕೌಂಟಿಗಳು ಮತದಾನ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನ ಅಡಿ ಬರುತ್ತಿದ್ದವು. ಹಿಂದೆ ಮತದಾನಕ್ಕೆ ಅಡ್ಡಗಾಲು ಹಾಕಿದ ಇತಿಹಾಸವಿದ್ದ ಕಡೆಗಳು ಇವು. ಆಗ ಇಲ್ಲಿ ಚುನಾವಣೆಯ ನಿಯಮ ಏನೇ ಬದಲಿಸಿದರೂ ವಾಷಿಂಗ್ಟನ್ನಿನ ಒಪ್ಪಿಗೆ ಬೇಕಿತ್ತು. ಡಿಸೆಂಬರ್ 1991ರಲ್ಲಿ ನ್ಯಾಯ ಇಲಾಖೆ ಒಪ್ಪಿಗೆ ಕೊಡಲಿಲ್ಲ. ರಾಜ್ಯದ ದಕ್ಷಿಣ-ಮಧ್ಯದಿಂದ ಆಗ್ನೇಯದವರೆಗೆ ಕಪ್ಪು ಜನರೂ ಮೂಲನಿವಾಸಿಗಳೂ ಸಾಕಷ್ಟಿದ್ದಾರೆ, ಅಲ್ಲಿ ಎರಡನೆಯ ಕ್ಷೇತ್ರವೊಂದನ್ನು ಮಾಡಬಹುದಿತ್ತಲ್ಲ ಎಂದು ಕೇಳಿತು.

ಇಡೀ ಪ್ರಕರಣದ ಕೀಲು ಇಲ್ಲಿದೆ ಎಂದು ನನ್ನ ಎಣಿಕೆ. ಇಲಾಖೆ ತೋರಿಸಿದ ಜಾಗದಲ್ಲಿ ಮಾಡಿದ್ದರೆ ಕ್ಷೇತ್ರ ಅಂದವಾಗಿ ಇರುತ್ತಿತ್ತೆಂದಲ್ಲ, ಆದರೆ ಇಷ್ಟು ಸಪೂರವಾಗುವ ಅಗತ್ಯವಿರಲಿಲ್ಲ. ತೊಂದರೆ ಏನೆಂದರೆ ಆ ಸೀಮೆಯಲ್ಲಿ ಚಾರ್ಲಿ ರೋಸ್, ಬಿಲ್ ಹೆಫ್ನರ್ ಮೊದಲಾದ ಬಿಳಿಯ ಡೆಮಾಕ್ರಾಟ್ ಸಂಸದರು ವರ್ಷಗಳಿಂದ ಬೇರೂರಿದ್ದರು. ಅವರ ಗೆಲುವಿನ ಬುನಾದಿಯೇ ಕಪ್ಪು ಮತದಾರರು. ಆ ಮತದಾರರನ್ನು ಎತ್ತಿ ಬೇರೆ ಕ್ಷೇತ್ರಕ್ಕೆ ಹಾಕಿದರೆ ಅವರ ಕುರ್ಚಿ ಅಲುಗಾಡುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಜನವರಿ 1992ರಲ್ಲಿ ಶಾಸನಸಭೆ ಎರಡನೆಯ ಕಪ್ಪು ಬಹುಮತದ ಕ್ಷೇತ್ರವನ್ನು ಆಗ್ನೇಯದಿಂದ ಎತ್ತಿ ಪೀಡ್‌ಮಾಂಟ್ ಹೆದ್ದಾರಿಯ ಮೇಲೆ ಹಾಸಿಬಿಟ್ಟಿತು. ಶಾಸನಸಭೆಯ ಸಿಬ್ಬಂದಿ ಜೆರಿ ಕೋಯನ್ ಕಂಪ್ಯೂಟರ್ ಮುಂದೆ ಕುಳಿತು ಗೆರೆ ಹೊಂದಿಸಿದ ಮುಖ್ಯ ಕುಶಲಿ. ಹೊಸ ಕ್ಷೇತ್ರದ ಸುಮಾರು ಐದೂವರೆ ಲಕ್ಷ ಜನರಲ್ಲಿ ಕಪ್ಪು ಜನ 56.63%. ಮತದಾನದ ವಯಸ್ಸಿನವರಲ್ಲಿ 53.34%. ಅದು ಹಾದುಹೋದ 10 ಕೌಂಟಿಗಳಲ್ಲಿ 5 ಕೌಂಟಿಗಳು ಮೂರು ಮೂರು ಕ್ಷೇತ್ರಗಳಿಗೆ ಹೋಳಾದವು. ಸುತ್ತಲಿನ ಡೆಮಾಕ್ರಾಟ್ ಸಂಸದರ ಕ್ಷೇತ್ರಗಳು ಮಾತ್ರ ಕೆಡಲಿಲ್ಲ.

ನವೆಂಬರ್ 1992ರಲ್ಲಿ 12ನೇ ಕ್ಷೇತ್ರದಿಂದ ಮೆಲ್ ವಾಟ್, 1ನೇ ಕ್ಷೇತ್ರದಿಂದ ಇವಾ ಕ್ಲೇಟನ್ ಗೆದ್ದರು. ವೈಟ್ ಹೇಳಿದ ಹಕ್ಕಿ ಎದ್ದಿತ್ತು, ಡೊಂಕು ರೆಕ್ಕೆಯೊಂದಿಗೆ.

ಮೊದಲು ಪಕ್ಷ ಎಂದರು, ಆಮೇಲೆ ವರ್ಣ ಎಂದರು

ಬಹಳ ಜನ ಮರೆಯುವ ಸಂಗತಿ ಒಂದಿದೆ. ಈ ನಕ್ಷೆಯ ಮೇಲೆ ಮೊದಲು ಕೋರ್ಟಿಗೆ ಹೋದವರು ರಿಪಬ್ಲಿಕನ್ನರು, ಮತ್ತು ಅವರ ದೂರು ವರ್ಣದ್ದಲ್ಲ. ಡೆಮಾಕ್ರಾಟರು ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಕತ್ತರಿ ಆಡಿಸಿದ್ದಾರೆ ಎಂಬುದು ಅವರ ದೂರು. 1992ರಲ್ಲೇ ಅದು ವಜಾ ಆಯಿತು. ಪಕ್ಷದ ಬಾಗಿಲು ಮುಚ್ಚಿತು. ಉಳಿದದ್ದು ವರ್ಣದ ಬಾಗಿಲು.

ಆ ಬಾಗಿಲು ತಟ್ಟಿದವರು ಡರ್ಹಂ ಕೌಂಟಿಯ ಐವರು ನಿವಾಸಿಗಳು, ವಕೀಲರು ಡ್ಯೂಕ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ರಾಬಿನ್ಸನ್ ಎವರೆಟ್. ನಮ್ಮ ಮತದ ಬೆಲೆ ತಗ್ಗಿತು ಎಂದು ಅವರು ಹೇಳಲಿಲ್ಲ. ತಾವು ಬಿಳಿಯರು ಎಂದೂ ಅರ್ಜಿಯಲ್ಲಿ ಬರೆದಿರಲಿಲ್ಲ. ಬಣ್ಣ ನೋಡದ ಚುನಾವಣೆ ನಮ್ಮ ಹಕ್ಕು ಎಂದರು. 1993ರ ಜೂನ್ 28ರಂದು ಷಾ ವಿರುದ್ಧ ರೀನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅವರ ವಾದಕ್ಕೆ ಜಾಗ ಕೊಟ್ಟಿತು. ತೀರ್ಪು ಬರೆದ ಸಾಂಡ್ರಾ ಡೇ ಓಕಾನರ್, ಚರ್ಮದ ಬಣ್ಣವೊಂದೇ ಸಮಾನವಾಗಿರುವ ಜನರನ್ನು ಹೀಗೆ ಒಟ್ಟುಹಾಕುವುದು ರಾಜಕೀಯ ಅಪಾರ್ಥೈಡ್ (ದಕ್ಷಿಣ ಆಫ್ರಿಕಾದ ವರ್ಣಭೇದ ವ್ಯವಸ್ಥೆ) ಅನ್ನು ಹೋಲುತ್ತದೆ ಎಂದರು, ಕ್ಷೇತ್ರ ಹೇಗೆ ಕಾಣುತ್ತದೆ ಎಂಬುದೂ ಮುಖ್ಯ ಎಂದರು. ಬೇರೆ ದಾರಿಯಲ್ಲಿ ಹೋದ ನ್ಯಾಯಮೂರ್ತಿ ಬೈರನ್ ವೈಟ್ ತಮ್ಮ ಭಿನ್ನಮತದಲ್ಲಿ ಒಂದು ಲೆಕ್ಕ ಇಟ್ಟರು: ರಾಜ್ಯದಲ್ಲಿ ಬಿಳಿಯರು ಸುಮಾರು 76%, ಆದರೂ 12ರಲ್ಲಿ 10 ಕ್ಷೇತ್ರಗಳಲ್ಲಿ, ಅಂದರೆ 83% ಕಡೆ, ಬಹುಮತ ಅವರದ್ದೇ. ಹಾಗಿದ್ದ ಮೇಲೆ ಗಾಯವಾದದ್ದು ಯಾರಿಗೆ?

ನನಗೆ ಎರಡೂ ಮಾತಿನಲ್ಲಿ ಹುರುಳು ಕಾಣುತ್ತದೆ. ಆದರೆ ಓಕಾನರ್ ಅವರ ಮಾತಿನಲ್ಲಿ ಒಂದು ಜಾರಿಕೆಯಿದೆ. ವಿಕಾರ ಕಾಣುವುದಕ್ಕೆ ಕಾರಣ ವರ್ಣ ಎಂದು ಅವರು ಮೊದಲೇ ಇಟ್ಟುಕೊಂಡರು. ವರ್ಣಕ್ಕಾಗಿ ಒಂದು ಕ್ಷೇತ್ರ ಬೇಕಾಗಿತ್ತು, ವಿಕಾರ ಬಂದದ್ದು ಕುರ್ಚಿ ಕಾಯುವುದಕ್ಕೆ.

1996ರ ಜೂನ್‌ನಲ್ಲಿ ಷಾ ವಿರುದ್ಧ ಹಂಟ್. ಮತ್ತೆ 5-4. ಈ ಸಲ 12ನೇ ಕ್ಷೇತ್ರ ಬಿದ್ದೇಹೋಯಿತು. ಕಾಯ್ದೆ ಪಾಲಿಸಲೆಂದೇ ಹೀಗೆ ಮಾಡಿದೆವು ಎಂದು ರಾಜ್ಯ ವಾದಿಸಿತ್ತು. ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಒಪ್ಪಲಿಲ್ಲ. ಒಂದು ಸೀಮೆಯ ಕಪ್ಪು ಮತದಾರರಿಗೆ ಅನ್ಯಾಯವಾಗಿದ್ದರೆ ಪರಿಹಾರ ಆ ಸೀಮೆಯಲ್ಲೇ ಆಗಬೇಕಲ್ಲದೆ ಎಲ್ಲೋ ದೂರದಲ್ಲಿ ಅಲ್ಲ. ಗಾಯ ಮೊಣಕಾಲಿಗೆ, ಪಟ್ಟಿ ಕಟ್ಟಿದ್ದು ಮೊಣಕೈಗೆ. 1992ರಲ್ಲಿ ಆಗ್ನೇಯ ಬಿಟ್ಟು ಹೆದ್ದಾರಿಗೆ ಹಾರಿದ ಜಾಣತನ ಇಲ್ಲಿ ತಿರುಗಿ ಹೊಡೆಯಿತು.

1997ರಲ್ಲಿ ಹೊಸ ನಕ್ಷೆ. ಡರ್ಹಂ ಹೋಯಿತು, ಗ್ಯಾಸ್ಟೋನಿಯಾ ಹೋಯಿತು. ಷಾರ್ಲಟ್‌ನಿಂದ ವಿನ್‌ಸ್ಟನ್-ಸೇಲಂ, ಗ್ರೀನ್ಸ್‌ಬರೋವರೆಗೆ ಆರು ಕೌಂಟಿ, ಆರೂ ಹೋಳು. ಕಪ್ಪು ಜನ ಈಗ 47%, ಅರ್ಧಕ್ಕೂ ಕಡಿಮೆ. ಶಾಸನಸಭೆಯ ಮಾತೂ ಬದಲಾಯಿತು. ಮೊದಲು 'ವರ್ಣಕ್ಕಾಗಿ, ಕಾನೂನಿಗಾಗಿ' ಎಂದವರು ಈಗ 'ವರ್ಣವಲ್ಲ ಸ್ವಾಮಿ, ರಾಜಕೀಯ' ಎಂದರು. ಎರಡೂ ಪಕ್ಷಗಳ ಸಂಸದರ ಬಲ ಆಗ 6-6. ಅದನ್ನು ಹಾಗೇ ಉಳಿಸುವುದು, ಈ ಪಟ್ಟಿಯಲ್ಲಿ ಗಟ್ಟಿ ಡೆಮಾಕ್ರಾಟರನ್ನು ಇಡುವುದು, ಅಷ್ಟೇ ಗುರಿ ಎಂಬುದು ವಾದ.

ಮತ್ತೆ ಮೊಕದ್ದಮೆ, ಮತ್ತೆ ಕೆಳಗಿನ ಕೋರ್ಟಿನಲ್ಲಿ ಸೋಲು. 1998ರ ಚುನಾವಣೆ ಒಂದಕ್ಕೆ ಮಾತ್ರ ತಾತ್ಕಾಲಿಕ ನಕ್ಷೆ, ಅದರಲ್ಲಿ ಕಪ್ಪು ಜನ ಸುಮಾರು 35%. ಈಗ ವಾಟ್ ಸೋಲುತ್ತಾರೆ ಎಂದುಕೊಂಡವರಿದ್ದರು. 56% ಮತ ಪಡೆದು ಗೆದ್ದರು. 1999ರಲ್ಲಿ ಸುಪ್ರೀಂ ಕೋರ್ಟ್ ಪೂರ್ಣ ವಿಚಾರಣೆ ನಡೆಸಿ ಎಂದು ಪ್ರಕರಣ ಹಿಂದಕ್ಕೆ ಕಳಿಸಿತು. ಆ ವಿಚಾರಣೆಯಲ್ಲಿ ಹೊರಬಂದದ್ದೇ ಒಂದು ಇಮೇಲ್. ಫೆಬ್ರವರಿ 1997ರಲ್ಲಿ ಅದೇ ಜೆರಿ ಕೋಯನ್, ಪುನರ್ವಿಂಗಡಣೆಯ ಹೊಣೆ ಹೊತ್ತಿದ್ದ ರಾಜ್ಯದ ಸೆನೆಟರ್ ರಾಯ್ ಕೂಪರ್ ಮತ್ತು ಇನ್ನೊಬ್ಬ ಸೆನೆಟರ್‌ಗೆ ಬರೆದದ್ದು: ಗ್ರೀನ್ಸ್‌ಬರೋದ ಕಪ್ಪು ಸಮುದಾಯವನ್ನು 12ಕ್ಕೆ ಸೇರಿಸಿದ್ದೇನೆ, ಇನ್ನು ಸುಮಾರು 60,000 ಜನರನ್ನು ಹೊರತೆಗೆಯಬೇಕು, ನಿಮ್ಮ ಸೂಚನೆಗೆ ಕಾಯುತ್ತೇನೆ.

ಅಡುಗೆಮನೆಯಲ್ಲಿ ಉಪ್ಪು ಹೆಚ್ಚಾಯಿತು, ಸ್ವಲ್ಪ ನೀರು ಹಾಕಲೇ ಎಂದು ಕೇಳಿದಷ್ಟು ಸಲೀಸು. ಅರವತ್ತು ಸಾವಿರ ಜನ ತಮ್ಮ ಪಾಡಿಗೆ ನಿದ್ದೆ ಮಾಡುತ್ತಿದ್ದಾಗ ಯಾರ ಸಂಸದ ಯಾರು ಎಂಬುದು ಇಮೇಲ್‌ನಲ್ಲಿ ತೀರ್ಮಾನವಾಗುತ್ತಿತ್ತು.

2001ರ ಏಪ್ರಿಲ್ 18ರಂದು ನಾಲ್ಕನೆಯ ತೀರ್ಪು ಬಂತು. ಈ ಸಲ 5-4 ಕ್ಷೇತ್ರದ ಪರ. ನ್ಯಾಯಮೂರ್ತಿ ಬ್ರೇಯರ್ ಇಮೇಲ್‌ಗೆ ಹೆಚ್ಚು ತೂಕ ಕೊಡಲಿಲ್ಲ. ಅವರ ತರ್ಕ ಸರಳವಾಗಿತ್ತು. ಆ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಸೇರುವಾಗ ಪಕ್ಷವನ್ನೂ ಬರೆಸುವ ಪದ್ಧತಿಯಿದೆ. ಡೆಮಾಕ್ರಾಟ್ ಎಂದು ಬರೆಸಿದ ಬಿಳಿಯರಲ್ಲಿ ಅನೇಕರು ಮತಗಟ್ಟೆಯಲ್ಲಿ ರಿಪಬ್ಲಿಕನ್‌ಗೆ ಒತ್ತುತ್ತಾರೆ. ಕಪ್ಪು ಡೆಮಾಕ್ರಾಟರು 95ರಿಂದ 97% ಪಕ್ಷ ಬಿಡುವುದಿಲ್ಲ. ಹಾಗಿದ್ದಾಗ ನಂಬಿಕಸ್ತ ಡೆಮಾಕ್ರಾಟರನ್ನು ಹುಡುಕಿ ಹೊರಟವನ ಬಲೆಗೆ ಕಪ್ಪು ಕೇರಿಗಳೇ ಬೀಳುತ್ತವೆ, ಅದು ವರ್ಣದ ಹುಡುಕಾಟವೇ ಆಗಬೇಕಿಲ್ಲ. ಐದನೆಯ ಮತ ಯಾರದ್ದು ಗೊತ್ತೇ? 1993ರಲ್ಲಿ ಅಪಾರ್ಥೈಡ್ ಎಂದಿದ್ದ ಓಕಾನರ್ ಅವರದ್ದು.

ಹೆಚ್ಚುಕಡಿಮೆ ಅದೇ ಊರು, ಅದೇ ಕೇರಿ, ಅದೇ ಸಂಸದ. ಹೆಸರು ವರ್ಣವಾದರೆ ಅಪರಾಧ, ಪಕ್ಷವಾದರೆ ಆಟ. ಈ ಪಾಠವನ್ನು ಆ ರಾಜ್ಯದ ಎರಡೂ ಪಕ್ಷದವರು ಚೆನ್ನಾಗಿ ಕಲಿತರು.

ವಾಟ್ ನಕ್ಕದ್ದು

2010ರಲ್ಲಿ ಶಾಸನಸಭೆಯ ಎರಡೂ ಸದನಗಳು ರಿಪಬ್ಲಿಕನ್ನರ ವಶವಾದವು. ಎರಡನ್ನೂ ಒಟ್ಟಿಗೆ ಗೆದ್ದದ್ದು 1870ರ ನಂತರ ಇದೇ ಮೊದಲು. ಸೆನೆಟ್ ಕಡೆಯಿಂದ ರಾಬರ್ಟ್ ರೂಚೊ, ಕೆಳಮನೆಯಿಂದ ಡೇವಿಡ್ ಲೂಯಿಸ್ ನಕ್ಷೆಯ ಹೊಣೆ ಹೊತ್ತರು. ಗೆರೆ ಎಳೆಯಲು ಥಾಮಸ್ ಹಾಫೆಲರ್ ಬಂದರು, ಈ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದವರು.

ಜನಗಣತಿಯ ನಂತರ ಎಲ್ಲ ಕ್ಷೇತ್ರಗಳ ಜನಸಂಖ್ಯೆಯನ್ನು ಸಮ ಮಾಡಬೇಕು. ಆದರೆ 12ನೇ ಕ್ಷೇತ್ರಕ್ಕೆ ಕತ್ತರಿ ಬೇಕೇ ಇರಲಿಲ್ಲ. ಏಳು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿರುವ ಕ್ಷೇತ್ರದಲ್ಲಿ ಹೆಚ್ಚುವರಿ ಇದ್ದದ್ದು ಮೂರು ಸಾವಿರಕ್ಕಿಂತ ಕಡಿಮೆ. ಒಂದು ಓಣಿ ತೆಗೆದರೆ ಸರಿಹೋಗುವ ಲೆಕ್ಕ. ಹಾಫೆಲರ್ ಹತ್ತಾರು ಸಾವಿರ ಜನರನ್ನು ಆಚೀಚೆ ಮಾಡಿದರು. ಎಲ್ಲ ಮುಗಿದಾಗ ಮತದಾನದ ವಯಸ್ಸಿನ ಕಪ್ಪು ಜನ ಸುಮಾರು 35,000 ಹೆಚ್ಚಿದ್ದರು, ಬಿಳಿಯರು ಸುಮಾರು 50,000 ಕಡಿಮೆಯಾಗಿದ್ದರು. ಕಪ್ಪು ಮತದಾರರ ಪಾಲು 43.8%ರಿಂದ 50.7%ಕ್ಕೆ ಏರಿತು.

ಮೆಲ್ ವಾಟ್ ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಪ್ರಕಾರ, ನಕ್ಷೆಯ ಕೆಲಸ ನಡೆಯುತ್ತಿದ್ದಾಗ ರೂಚೊ ಅವರೊಂದಿಗೆ ಒಂದು ಮಾತುಕತೆಯಾಯಿತು. ಮತದಾನ ಹಕ್ಕು ಕಾಯ್ದೆಗಾಗಿ ನಿಮ್ಮ ಕ್ಷೇತ್ರದ ಕಪ್ಪು ಪಾಲನ್ನು 50% ದಾಟಿಸಬೇಕೆಂದು ನಮ್ಮ ನಾಯಕರು ಹೇಳಿದ್ದಾರೆ, ಅದನ್ನು ಕಪ್ಪು ಸಮುದಾಯಕ್ಕೆ ಒಪ್ಪಿಸುವ ಕೆಲಸ ನನ್ನದು ಎಂದರಂತೆ ರೂಚೊ. ವಾಟ್ ನಕ್ಕುಬಿಟ್ಟರು. 40% ಕಪ್ಪು ಜನರಿರುವ ಕ್ಷೇತ್ರದಲ್ಲಿ ನನಗೆ ಈಗಲೇ 65% ಮತ ಬೀಳುತ್ತಿದೆ, 50% ದಾಟಿಸಿದರೆ 80% ಬೀಳುತ್ತದೆ, ಕಾಯ್ದೆ ಇರುವುದು ಅದಕ್ಕಲ್ಲ ಎಂದರು. ರೂಚೊ ಹಾಗೆ ಹೇಳಿಲ್ಲ ಎಂದರು. ಕೆಳಗಿನ ಕೋರ್ಟು ವಾಟ್ ಮಾತನ್ನು ನಂಬಿತು.

ಆ ನಗುವಿನಲ್ಲಿ ಎಲ್ಲವೂ ಇದೆ. ತನ್ನ ಗೆಲುವನ್ನು ಇನ್ನೂ ಭದ್ರ ಮಾಡಿಕೊಡುತ್ತೇವೆ ಎಂದು ಎದುರಾಳಿ ಪಕ್ಷದವನು ಬಂದು ಹೇಳಿದರೆ ಯಾವ ರಾಜಕಾರಣಿಗೂ ಅರ್ಥವಾಗುತ್ತದೆ. ವಾಟ್‌ಗೆ ಬೀಳುವ ಒಂದೊಂದು ಹೆಚ್ಚುವರಿ ಮತವೂ ಪಕ್ಕದ ಕ್ಷೇತ್ರದ ಡೆಮಾಕ್ರಾಟ್ ಅಭ್ಯರ್ಥಿಯಿಂದ ಕಿತ್ತದ್ದು. 1992ರಲ್ಲಿ ಡೆಮಾಕ್ರಾಟರು ತಮ್ಮ ಸಂಸದರನ್ನು ಉಳಿಸಲು ಬಳಸಿದ ಅದೇ ಪಟ್ಟಿಯನ್ನು ರಿಪಬ್ಲಿಕನ್ನರು ಮಡಚಿ ತಿರುಗಿಸಿ ಹಿಡಿದಿದ್ದರು. ವಾದ ಮಾತ್ರ ಡೆಮಾಕ್ರಾಟರು 2001ರಲ್ಲಿ ಗೆದ್ದ ಹಳೆಯ ವಾದವೇ: ವರ್ಣವಲ್ಲ, ಪಕ್ಷ.

ಈ ನಡುವೆ ವಾಟ್ ಜನವರಿ 2014ರಲ್ಲಿ ಗೃಹಸಾಲ ನಿಯಂತ್ರಿಸುವ ಕೇಂದ್ರ ಸಂಸ್ಥೆಯೊಂದರ ಮುಖ್ಯಸ್ಥರಾಗಿ ಹೊರಟರು. ಉಪಚುನಾವಣೆ ನವೆಂಬರಿನಲ್ಲಿ, ಸಾರ್ವತ್ರಿಕ ಚುನಾವಣೆಯ ಜೊತೆಗೇ. ಹೆಚ್ಚುಕಡಿಮೆ ವರ್ಷವಿಡೀ ಕ್ಷೇತ್ರಕ್ಕೆ ಸಂಸದರಿರಲಿಲ್ಲ. ಗೆದ್ದವರು ಗ್ರೀನ್ಸ್‌ಬರೋದ ಆಲ್ಮಾ ಆಡಮ್ಸ್, ಬೆನೆಟ್ ಕಾಲೇಜಿನಲ್ಲಿ ದಶಕಗಳ ಕಾಲ ಚಿತ್ರಕಲೆ ಕಲಿಸಿದವರು. ದಿನಕ್ಕೊಂದು ಟೋಪಿ ಹಾಕುವುದಕ್ಕೆ ಪ್ರಸಿದ್ಧರು, ಅವರ ಬಳಿ ನೂರಾರು ಟೋಪಿಗಳಿವೆ.

2016ರ ಫೆಬ್ರವರಿ 5ರಂದು ಮೂವರು ನ್ಯಾಯಾಧೀಶರ ಪೀಠ 2011ರ ನಕ್ಷೆಯ 1 ಮತ್ತು 12ನೇ ಕ್ಷೇತ್ರಗಳನ್ನು ರದ್ದು ಮಾಡಿ ಎರಡು ವಾರದಲ್ಲಿ ಹೊಸ ನಕ್ಷೆ ತನ್ನಿ ಎಂದಿತು. ಆಗಲೇ ಅಂಚೆ ಮತಪತ್ರಗಳು ಹೊರಟಿದ್ದವು. ಕಾಂಗ್ರೆಸ್ಸಿನ ಒಳಚುನಾವಣೆಯನ್ನು ಮಾರ್ಚಿನಿಂದ ಜೂನ್ 7ಕ್ಕೆ ತಳ್ಳಿದರು. 2017ರ ಮೇ 22ರಂದು ಸುಪ್ರೀಂ ಕೋರ್ಟ್ ರದ್ದತಿಯನ್ನು ಎತ್ತಿಹಿಡಿಯಿತು. 12ನೇ ಕ್ಷೇತ್ರ ಈ ಕೋರ್ಟಿಗೆ ಬರುತ್ತಿರುವುದು ಐದನೇ ಸಲ ಎಂದು ನ್ಯಾಯಮೂರ್ತಿ ಎಲೆನಾ ಕೇಗನ್ ತೀರ್ಪಿನಲ್ಲಿ ನೆನಪಿಸಿದರು. ಪ್ರಕರಣದ ಹೆಸರು ಕೂಪರ್ ವಿರುದ್ಧ ಹ್ಯಾರಿಸ್. ಹೌದು, 1997ರಲ್ಲಿ ಆ ಇಮೇಲ್ ಬಂದಿದ್ದ ರಾಯ್ ಕೂಪರ್ ಅವರೇ. ಅಷ್ಟರಲ್ಲಿ ಅವರು ರಾಜ್ಯಪಾಲರಾಗಿದ್ದರು, ತಾವು ಎಳೆಯದ, ತಮ್ಮ ಪಕ್ಷಕ್ಕೇ ಹೊಡೆತ ಕೊಟ್ಟ ನಕ್ಷೆಯ ಪ್ರಕರಣಕ್ಕೆ ಹೆಸರಾಗಿ ನಿಂತರು.

ನೇರವಾದ ಮೇಲೆ

ಎರಡು ವಾರದಲ್ಲಿ ಬರೆದ 2016ರ ನಕ್ಷೆಯಲ್ಲಿ ಹಾವು ಸುರುಳಿ ಸುತ್ತಿ ಮಲಗಿತು. 12ನೇ ಕ್ಷೇತ್ರ ಪೂರ್ತಿಯಾಗಿ ಷಾರ್ಲಟ್ ಇರುವ ಮೆಕ್ಲನ್‌ಬರ್ಗ್ ಕೌಂಟಿಯ ಒಳಗೆ ಬಂತು. ಆಡಮ್ಸ್ ಗ್ರೀನ್ಸ್‌ಬರೋ ಬಿಟ್ಟು ಷಾರ್ಲಟ್‌ಗೆ ಮನೆ ಬದಲಿಸಿ ಗೆದ್ದರು. ಅವರ ಕ್ಷೇತ್ರದಲ್ಲಿ ಈಗ ಯಾವ ಒಂದು ಗುಂಪೂ ಅರ್ಧ ದಾಟುವುದಿಲ್ಲ. ಕಪ್ಪು ಜನ, ಬಿಳಿಯರು, ಹಿಸ್ಪಾನಿಕ್ ಕುಟುಂಬಗಳು, ಬ್ಯಾಂಕು ಕೆಲಸಕ್ಕೆ ಬಂದ ಏಷ್ಯನ್ನರು ಎಲ್ಲರೂ ಇದ್ದಾರೆ. ಆಕಾರ ನೋಡಿ ಯಾರೂ ನಗುವುದಿಲ್ಲ.

ಆ ಹೊಸ ನಕ್ಷೆಯನ್ನು ಮಂಡಿಸುವಾಗ ಲೂಯಿಸ್ ಬಿಚ್ಚುಮಾತಿನಲ್ಲಿ ಹೇಳಿದ್ದರು: 10 ರಿಪಬ್ಲಿಕನ್, 3 ಡೆಮಾಕ್ರಾಟ್ ಬರುವಂತೆ ಎಳೆಯೋಣ, ಏಕೆಂದರೆ 11-2 ಮಾಡಲು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ. ವರ್ಣದ ಅಂಕಿಅಂಶ ನೋಡಲೇ ಇಲ್ಲ, ಪಕ್ಷ ಮಾತ್ರ ನೋಡಿದೆವು ಎಂಬುದು ಈಗ ತಪ್ಪೊಪ್ಪಿಗೆಯಲ್ಲ, ರಕ್ಷಾಕವಚ. ಫಲಿತಾಂಶ ಸರಿಯಾಗಿ 10-3 ಬಂತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಿಂದ, ಪಕ್ಷದ ಲಾಭಕ್ಕೆ ಗೆರೆ ಎಳೆಯುವುದು ಕೇಂದ್ರದ ನ್ಯಾಯಾಲಯಗಳು ಕೈಹಾಕುವ ವಿಷಯವೇ ಅಲ್ಲ ಎಂದಿತು. ಆ ಪ್ರಕರಣವೂ ಉತ್ತರ ಕೆರೊಲಿನಾದ್ದೇ, ಹೆಸರಿನಲ್ಲಿ ರೂಚೊ ಇದ್ದಾರೆ.

12ರಿಂದ ಹೊರಬಿದ್ದ ಗ್ರೀನ್ಸ್‌ಬರೋ ಏನಾಯಿತು? 2016ರ ನಕ್ಷೆಯಲ್ಲಿ ಗೆರೆ ಎ ಅಂಡ್ ಟಿ ವಿಶ್ವವಿದ್ಯಾಲಯದ ಆವರಣದ ನಡುವೆ, ಲಾರಿ ಸ್ಟ್ರೀಟ್ ಎಂಬ ಬೀದಿಯ ಮೇಲೆ ಹಾದುಹೋಯಿತು. ಬೀದಿಯ ಒಂದು ಬದಿ 6ನೇ ಕ್ಷೇತ್ರ, ಇನ್ನೊಂದು ಬದಿ 13ನೆಯದು. ಹಾಸ್ಟೆಲಿನಿಂದ ತರಗತಿಗೆ ಹೋಗುವ ವಿದ್ಯಾರ್ಥಿ ದಿನಕ್ಕೆ ನಾಲ್ಕು ಸಲ ಸಂಸದರನ್ನು ಬದಲಿಸುತ್ತಿದ್ದ. ಎರಡೂ ಕಡೆ ಗೆದ್ದವರು ರಿಪಬ್ಲಿಕನ್ನರು. ರಾಜ್ಯದ ನ್ಯಾಯಾಲಯ ಮಧ್ಯೆ ಬಂದ ಮೇಲೆ 2020ರ ಚುನಾವಣೆಗೆ ಊರು ಮತ್ತೆ ಒಂದಾಗಿ ಕ್ಯಾಥಿ ಮ್ಯಾನಿಂಗ್ ಎಂಬ ಡೆಮಾಕ್ರಾಟ್ ಗೆದ್ದರು. 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಪಕ್ಷದ ಲಾಭಕ್ಕೆ ಗೆರೆ ಎಳೆಯುವುದನ್ನು ತಡೆದಿದ್ದ ತನ್ನದೇ ಹಳೆಯ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿತು, ಶಾಸನಸಭೆ ಮತ್ತೆ ಕತ್ತರಿ ಹಿಡಿಯಿತು. ಷಾರ್ಲಟ್‌ನ 12 ಡೆಮಾಕ್ರಾಟರ ತಂಟೆಯಿಲ್ಲದ ಕೋಟೆಯಾಗಿಯೇ ಉಳಿಯಿತು. ಗ್ರೀನ್ಸ್‌ಬರೋ ಇರುವ ಗಿಲ್ಫರ್ಡ್ ಕೌಂಟಿ ಮೂರು ಹೋಳಾಗಿ 5, 6, 9ನೇ ಕ್ಷೇತ್ರಗಳಿಗೆ ಹಂಚಿಹೋಯಿತು. ಮ್ಯಾನಿಂಗ್ ಸ್ಪರ್ಧಿಸಲಿಲ್ಲ. 2024ರ ನವೆಂಬರಿನಲ್ಲಿ 6ನೇ ಕ್ಷೇತ್ರದ ಮತಪತ್ರ ಕೈಗೆ ಬಂದಾಗ ಅದರಲ್ಲಿ ಡೆಮಾಕ್ರಾಟ್ ಅಭ್ಯರ್ಥಿಯ ಹೆಸರೇ ಇರಲಿಲ್ಲ.